ಕೈಕಾಲು ಆಡದಿದ್ದರೂ ಪ್ರವಾಸ: ಓದುಗರ ಪ್ರಶ್ನೆ, ನನ್ನ ಉತ್ತರ

ಹತ್ತೊಂಬತ್ತು ವರ್ಷಗಳ ಹಿಂದೆ ನನ್ನ ಕತ್ತಿನ ಮೂಳೆ ಮುರಿದು ಬೆನ್ನುಹುರಿಗೆ ಪೆಟ್ಟಾಯಿತು. ವೈದ್ಯರ ಲೆಕ್ಕದಲ್ಲಿ ಸಿ-6, ಅಂದರೆ ಕತ್ತಿನಲ್ಲಿ ಬೆನ್ನುಹುರಿಯ ಆರನೇ ಮಟ್ಟ. ಭುಜ ಆಡುತ್ತದೆ, ಮೊಣಕೈ ಮಡಚುತ್ತದೆ, ಮಣಿಕಟ್ಟು ತುಸು ಮೇಲೇಳುತ್ತದೆ. ಬೆರಳಿಗೆ ಹಿಡಿತವಿಲ್ಲ, ಎದೆಯಿಂದ ಕೆಳಗೆ ಸ್ಪರ್ಶವಿಲ್ಲ. ಪ್ರವಾಸದ ಬಗ್ಗೆ ನೀವು ಬರೆದ ಪತ್ರಗಳನ್ನು ಕೆಲವು ತಿಂಗಳಿಂದ ಒಂದೆಡೆ ಕೂಡಿಡುತ್ತಿದ್ದೆ. ರಜೆಯ ಕಾಲ ಹತ್ತಿರವಾಗಿದೆ, ಈ ಸಲ ಅಂಕಣದ ಪೂರ್ತಿ ಜಾಗ ಅವುಗಳಿಗೇ. ಬರೆದವರ ಹೆಸರು, ವಿಳಾಸಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನನಗೆ 29 ವರ್ಷ. ಎರಡು ವರ್ಷದ ಹಿಂದೆ ನೀರಿಗೆ ಧುಮುಕಿದಾಗ ತಲೆ ತಳಕ್ಕೆ ಬಡಿದು ಕೈಕಾಲು ನಾಲ್ಕರ ಸ್ವಾಧೀನವೂ ತಪ್ಪಿತು. ಮನೆಯವರೆಲ್ಲ ನಾಲ್ಕು ದಿನ ಕಡಲ ತೀರಕ್ಕೆ ಹೊರಟಿದ್ದಾರೆ. ನನಗೆ ಆಸಕ್ತಿಯಿಲ್ಲ ಎಂದು ಹೇಳಿಬಿಟ್ಟಿದ್ದೇನೆ. ನಿಜವಾದ ಕಾರಣ ಬೇರೆ. ದಾರಿಯಲ್ಲಿ, ಎಲ್ಲರ ಎದುರು, ಬಟ್ಟೆಯಲ್ಲೇ ಆಗಿಬಿಟ್ಟರೆ ಏನು ಗತಿ? ಇದನ್ನು ಯಾರಿಗೂ ಹೇಳಿಲ್ಲ.

ಉತ್ತರ: ನನಗೆ ಹೇಳಿದ್ದೀರಿ, ಒಳ್ಳೆಯದಾಯಿತು. ‘ಮನೆಯವರಿಗೆ ಭಾರವಾಗುತ್ತೇನೆ’, ‘ಈಗ ಎಲ್ಲಿಗೂ ಹೋಗಬೇಕು ಅನಿಸುವುದಿಲ್ಲ’ ಎಂದು ಬರೆಯುವವರಲ್ಲಿ ಹೆಚ್ಚಿನವರ ಒಳಗೆ ಕುಳಿತಿರುವುದು ಇದೇ ಭಯ ಎಂದು ನನ್ನ ನಂಬಿಕೆ. ಮೂರು ವರ್ಷ ನನ್ನೊಳಗೂ ಅದೇ ಕುಳಿತಿತ್ತು.

ನನ್ನ ಮೊದಲ ಪ್ರವಾಸದಲ್ಲಿ ನೀವು ಹೆದರುತ್ತಿರುವುದೇ ನಡೆಯಿತು. ಬೆಳಗಿನ ಜಾವ ಹೊರಡಬೇಕೆಂದು ಆ ದಿನದ ಶೌಚದ ಕ್ರಮವನ್ನು ಬಿಟ್ಟೆ. ಮೂತ್ರದ ತಾಪತ್ರಯ ಬೇಡವೆಂದು ಹಿಂದಿನ ಸಂಜೆಯಿಂದಲೇ ನೀರು ಕುಡಿಯುವುದನ್ನು ಕಡಿಮೆ ಮಾಡಿದೆ. ಮಧ್ಯಾಹ್ನದ ಹೊತ್ತಿಗೆ ಕಾರಿನ ಸೀಟಿನಲ್ಲೇ ಆಯಿತು. ನನಗೆ ಗೊತ್ತಾದದ್ದು ವಾಸನೆಯಿಂದ. ತಂಗಿಗೆ ಹೇಳಲು ಐದು ನಿಮಿಷ ಬಾಯಿ ಬರಲಿಲ್ಲ. ಅವಳು ಕಾರನ್ನು ಮರದ ಕೆಳಗೆ ನಿಲ್ಲಿಸಿ, ಬೆಡ್‌ಶೀಟಿನ ಎರಡು ಮೂಲೆಗಳನ್ನು ಕಿಟಕಿಯ ಗಾಜಿಗೆ ಸಿಕ್ಕಿಸಿ ಪರದೆ ಮಾಡಿದಳು. ಒರೆಸಿ, ಚರ್ಮ ಒಣಗಿಸಿ, ಬಟ್ಟೆ ಬದಲಿಸಿ ಮತ್ತೆ ಹೊರಡುವಾಗ ಅರ್ಧ ಗಂಟೆಯೂ ಆಗಿರಲಿಲ್ಲ. ಉಳಿದವರು ಅಷ್ಟು ಹೊತ್ತೂ ರಸ್ತೆಯ ಆಚೆ ಬದಿಯಲ್ಲಿ ಮಾತಾಡುತ್ತ ನಿಂತಿದ್ದರು. ಆ ಪ್ರವಾಸ ಹಾಳಾದದ್ದು ಮಾರನೆಯ ದಿನ, ನೀರು ಕುಡಿಯದೆ ಮೂತ್ರದ ಸೋಂಕು ತಂದುಕೊಂಡು ಚಳಿಜ್ವರದಲ್ಲಿ ಮಲಗಿದಾಗ. ಭಯಪಟ್ಟಿದ್ದು ಒಂದಕ್ಕೆ, ಕೆಡಿಸಿದ್ದು ಇನ್ನೊಂದು.

ಹಾಗಾಗಿ ಮೊದಲ ಮಾತು, ನಿಮ್ಮ ಕರುಳಿನ ವೇಳೆಯನ್ನು ಪ್ರವಾಸಕ್ಕಾಗಿ ಬದಲಿಸಬೇಡಿ, ಪ್ರವಾಸದ ವೇಳೆಯನ್ನು ಅದಕ್ಕಾಗಿ ಬದಲಿಸಿ. ಬೆಳಿಗ್ಗೆ ಏಳಕ್ಕೆ, ದಿನ ಬಿಟ್ಟು ದಿನ ಎಂಬ ಅಭ್ಯಾಸವಿದ್ದರೆ ಕಾರು ಹತ್ತಕ್ಕೆ ಹೊರಡಲಿ. ವೇಳೆ ಬದಲಿಸಲೇಬೇಕಾದರೆ ಎರಡು ಮೂರು ವಾರ ಮೊದಲೇ ಮನೆಯಲ್ಲಿ ರೂಢಿ ಮಾಡಿ. ಹೊಸ ಮಾತ್ರೆಯನ್ನು ಪ್ರವಾಸದಲ್ಲಿ ಮೊದಲ ಬಾರಿಗೆ ನುಂಗಬೇಡಿ. ಕಮೋಡ್ ಕುರ್ಚಿ ಒಯ್ಯಲಾಗದಿದ್ದರೆ ಹಾಸಿಗೆಯಲ್ಲಿ ಎಡ ಮಗ್ಗುಲಿಗೆ ಮಲಗಿ ಮುಗಿಸುವುದನ್ನು ಈಗಲೇ ಅಭ್ಯಾಸ ಮಾಡಿ. ನೀರು ಎಂದಿನಷ್ಟೇ ಕುಡಿಯಿರಿ. ನಾಲ್ಕರಿಂದ ಆರು ಗಂಟೆಗೊಮ್ಮೆ ಕ್ಯಾಥೆಟರ್ ಹಾಕಿ ಮೂತ್ರ ತೆಗೆಯುವವರಾದರೆ, ಒಂದು ಸಲಕ್ಕೆ 500 ಮಿಲಿಲೀಟರ್ ಮೀರದಂತೆ, ನಿಲ್ಲಿಸುವ ಜಾಗಗಳನ್ನು ಮೊದಲೇ ಗುರುತು ಮಾಡಿ. ಕಾಲಿಗೆ ಕಟ್ಟುವ ಚೀಲ ಬಳಸುವವರಾದರೆ ಅದನ್ನು ಖಾಲಿ ಮಾಡಲು ಅಗಲ ಬಾಯಿಯ ಬಾಟಲಿಯೊಂದು ಸಾಕು, ಶೌಚಾಲಯ ಹುಡುಕಬೇಕಿಲ್ಲ. ಸಾಮಗ್ರಿಗಳನ್ನು ಲೆಕ್ಕಕ್ಕಿಂತ ಒಂದೂವರೆ ಪಟ್ಟು ಒಯ್ಯಿರಿ, ಎರಡು ಬೇರೆ ಚೀಲಗಳಲ್ಲಿ ಹಂಚಿ.

ಎರಡನೆಯದು ನಿಮ್ಮ ‘ಆಗಿಬಿಟ್ಟರೆ’ ಚೀಲ. ಒಂದು ಜೊತೆ ಬಟ್ಟೆ, ಒದ್ದೆ ಒರೆಸುವ ಕಾಗದ, ಕೈಗವಸು, ಹೀರುವ ಹಾಸು, ಬಾಯಿ ಕಟ್ಟುವ ಪ್ಲಾಸ್ಟಿಕ್ ಚೀಲಗಳು, ಒಂದು ಬೆಡ್‌ಶೀಟ್. ಅದು ಡಿಕ್ಕಿಯಲ್ಲಿ ಅಲ್ಲ, ಕಾಲ ಬಳಿ ಇರಲಿ. ಹದಿನಾರು ವರ್ಷಗಳಲ್ಲಿ ನಾನು ಅದನ್ನು ಬಿಚ್ಚಿದ್ದು ನಾಲ್ಕು ಸಲ.

ಕಡಲ ವಿಚಾರ. ಬ್ಯಾಟರಿ ಕುರ್ಚಿಯನ್ನು ಮರಳಿಗೆ ಇಳಿಸಬೇಡಿ. ಉಪ್ಪುನೀರು, ಮರಳು ಎರಡೂ ಅದರ ಬೇರಿಂಗು, ತಂತಿಗಳಿಗೆ ಶತ್ರು. ದಪ್ಪ ಬಲೂನಿನಂಥ ಚಕ್ರಗಳ ಮರಳು ಕುರ್ಚಿಗಳಿವೆ, ಕೆಲವು ನೀರಿನಲ್ಲಿ ತೇಲುತ್ತವೆ ಕೂಡ. ಹೋಗುವ ಜಾಗದಲ್ಲಿ ಸಿಗುತ್ತದೆಯೇ ಎಂದು ವಿಚಾರಿಸಿ. ನೀರಿಗಿಳಿದರೆ ಮುಖ ಮೇಲಿರುವಂತೆ ಹಿಡಿದಿಡುವ ಲೈಫ್ ಜಾಕೆಟ್ ಬೇಕು, ಪಾದಕ್ಕೆ ಬೂಟು ಬೇಕು. ಚಿಪ್ಪು ಕೊಯ್ದರೆ ನಿಮಗೆ ನೋವಾಗುವುದಿಲ್ಲ, ರಕ್ತ ಮಾತ್ರ ಹೋಗುತ್ತದೆ. ಗಾಯಕ್ಕಿಂತ ಕೆಳಗಿನ ಮೈ ಬೆವರುವುದಿಲ್ಲ, ಬಿಸಿಲಿನಲ್ಲಿ ಮೈಯೂ ಸುತ್ತಲಿನ ಗಾಳಿಯಂತೆ ಕಾಯುತ್ತಾ ಹೋಗುತ್ತದೆ. ಸ್ಪ್ರೇ ಬಾಟಲಿಯಲ್ಲಿ ನೀರು ತುಂಬಿ ಮುಖ, ಕತ್ತು, ತೋಳುಗಳಿಗೆ ಆಗಾಗ ಸಿಂಪಡಿಸಿಕೊಳ್ಳಿ. ಮಧ್ಯಾಹ್ನ ನೆರಳಿನಲ್ಲೇ ಇರಿ.

‘ಈ ಸ್ಥಿತಿಯಲ್ಲಿ ವಿಹಾರವೆಂದರೆ ಅತಿಯಾಸೆ’ ಎಂದೂ ಒಂದು ಕಡೆ ಬರೆದಿದ್ದೀರಿ. ಅಂಗವಿಕಲರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಒಡಂಬಡಿಕೆಯ 30ನೇ ವಿಧಿ ಆಟ, ಮನರಂಜನೆ, ಪ್ರವಾಸಿ ತಾಣಗಳು ನಮಗೂ ತೆರೆದಿರಬೇಕು ಎನ್ನುತ್ತದೆ. ಚಿಕಿತ್ಸೆ, ಶಿಕ್ಷಣಗಳ ಹಾಗೆಯೇ ಅದನ್ನೂ ಹಕ್ಕಿನ ಸಾಲಿನಲ್ಲಿಟ್ಟು ಬರೆದಿದ್ದಾರೆ. ಈ ಪತ್ರದಲ್ಲಿ ನನಗೆ ಬರೆದ ಎರಡು ವಾಕ್ಯಗಳನ್ನು ಇವತ್ತು ರಾತ್ರಿ ತಾಯಿಗೆ ಹೇಳಿ. ಎರಡು ವರ್ಷದಿಂದ ನಿಮ್ಮ ಮೈ ತೊಳೆದವರಿಗೆ ಅದರಲ್ಲಿ ಹೊಸದೇನೂ ಕಾಣಿಸುವುದಿಲ್ಲ.

ಪ್ರಶ್ನೆ: ನನ್ನ ಪತಿಗೆ ಸಿ-5 ಪೆಟ್ಟು. ಬ್ಯಾಟರಿ ಚಾಲಿತ ಗಾಲಿಕುರ್ಚಿ. ಮೊದಲ ಬಾರಿಗೆ ಒಂಬತ್ತು ಗಂಟೆಯ ವಿಮಾನ ಪ್ರಯಾಣವಿದೆ. ಅವರನ್ನು ಸುರಕ್ಷಿತವಾಗಿ ಸಾಗಿಸುವುದು ಹೇಗೆ?

ಉತ್ತರ: ಅಮ್ಮಾ, ನಿಮ್ಮ ಪತ್ರದಲ್ಲಿ ಒಂದು ಪದ ನನಗೆ ಚುಚ್ಚಿತು. ನಾವು ‘ಸಾಗಿಸುವುದು’ ಸಾಮಾನನ್ನು. ನೀವು ಪ್ರೀತಿಯಿಂದಲೇ ಬರೆದಿದ್ದೀರಿ, ನನಗೆ ಗೊತ್ತು. ಆದರೆ ವಿಮಾನ ನಿಲ್ದಾಣದಲ್ಲಿ ಎಲ್ಲರೂ ಅವರ ತಲೆಯ ಮೇಲಿಂದ ನಿಮ್ಮ ಜೊತೆ ಮಾತಾಡುತ್ತಾರೆ. ‘ಇವರಿಗೆ ಕೂರಲು ಆಗುತ್ತದೆಯೇ? ಇವರನ್ನು ಎಲ್ಲಿ ಹಿಡಿಯಬೇಕು?’ ಆಗ ನೀವು ಉತ್ತರ ಕೊಡಬೇಡಿ, ಪತಿಯ ಕಡೆ ನೋಡಿ. ಅವರ ತೋಳು ಏಳದಿರಬಹುದು, ತಮ್ಮನ್ನು ಹೇಗೆ ಎತ್ತಬೇಕೆಂದು ಅವರಷ್ಟು ಚೆನ್ನಾಗಿ ತಿಳಿದವರು ಆ ಕಟ್ಟಡದಲ್ಲಿ ಇನ್ನೊಬ್ಬರಿಲ್ಲ.

ಟಿಕೆಟ್ ಮಾಡುವಾಗಲೇ ಹೇಳಬೇಕಾದದ್ದು ಒಂದು ಸಂಕೇತ: ಡಬ್ಲ್ಯೂಸಿಎಚ್‌ಸಿ. ಆಸನದವರೆಗೂ ನೆರವು ಬೇಕು, ಒಂದು ಹೆಜ್ಜೆಯೂ ಇಡಲಾಗದು ಎಂದು ಅದರ ಅರ್ಥ. ಕೊನೆಯ ಅಕ್ಷರ ‘ಆರ್’ ಆದರೆ ಮೆಟ್ಟಿಲು ಹತ್ತಬಲ್ಲವರು, ‘ಎಸ್’ ಆದರೆ ಆಸನದವರೆಗೆ ನಡೆಯಬಲ್ಲವರು. ಈ ಒಂದಕ್ಷರ ತಪ್ಪಿದ್ದಕ್ಕೆ ವಿಮಾನದ ಬಾಗಿಲಲ್ಲಿ ನಲವತ್ತು ನಿಮಿಷ ಕಾದಿದ್ದೇನೆ. ಕನಿಷ್ಠ 48 ಗಂಟೆ ಮೊದಲು ಮತ್ತೊಮ್ಮೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ.

ಬ್ಯಾಟರಿ ಯಾವ ಬಗೆಯದು, ಎಷ್ಟು ವಾಟ್-ಅವರ್ ಎಂಬುದನ್ನು ಬರೆದಿಟ್ಟುಕೊಳ್ಳಿ, ಕಂಪನಿಯ ಒಪ್ಪಿಗೆ ಮೊದಲೇ ಬೇಕು. ಸೋರದ ಜೆಲ್ ಬ್ಯಾಟರಿಯಾದರೆ ಸಾಮಾನ್ಯವಾಗಿ ಕುರ್ಚಿಯಲ್ಲೇ ಇರುತ್ತದೆ. ಬಿಚ್ಚಿ ತೆಗೆಯುವಂಥ ಲಿಥಿಯಂ ಆದರೆ ಒಂದಕ್ಕೆ 300 ವಾಟ್-ಅವರ್ ಮಿತಿ (ಎರಡಿದ್ದರೆ ತಲಾ 160), ಅದು ನಿಮ್ಮ ಜೊತೆ ಕ್ಯಾಬಿನ್ನಿಗೆ ಬರಬೇಕು. ವಿಮಾನದ ಬಾಗಿಲು ತಲುಪುವವರೆಗೂ ಕುರ್ಚಿಯನ್ನು ಬಿಟ್ಟುಕೊಡಬೇಡಿ. ಅಲ್ಲಿ ಜಾಯ್‌ಸ್ಟಿಕ್, ತಲೆಯ ಒರಗು, ಪಕ್ಕದ ಆಧಾರಗಳು, ಹೀಗೆ ಕಳಚಿ ಬರುವುದನ್ನೆಲ್ಲ ಕಳಚಿ ಕೈಚೀಲಕ್ಕೆ ಹಾಕಿ. ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ. ‘ಗೇರ್ ಬಿಡಿಸುವುದು ಇಲ್ಲಿ, ಹಿಡಿದು ಎತ್ತುವುದು ಇಲ್ಲಿ, ಮಲಗಿಸಬಾರದು’ ಎಂದು ದೊಡ್ಡ ಅಕ್ಷರದಲ್ಲಿ, ಚಿತ್ರದೊಂದಿಗೆ ಬರೆದು ಪ್ಲಾಸ್ಟಿಕ್ ಹೊದಿಕೆ ಹಾಕಿಸಿ ಬೆನ್ನಿಗೆ ಕಟ್ಟಿ. ಇಳಿದ ಮೇಲೆ ನಿಲ್ದಾಣ ಬಿಡುವ ಮೊದಲೇ ಕುರ್ಚಿಯನ್ನು ಓಡಿಸಿ ನೋಡಿ, ಹಾನಿಯಾಗಿದ್ದರೆ ಅಲ್ಲೇ ಬರವಣಿಗೆಯಲ್ಲಿ ದೂರು ಕೊಡಿ.

ಅಂತರರಾಷ್ಟ್ರೀಯ ಹಾರಾಟಕ್ಕೆ ಅನ್ವಯಿಸುವ 1999ರ ಮಾಂಟ್ರಿಯಲ್ ಒಪ್ಪಂದ ಗಾಲಿಕುರ್ಚಿಯನ್ನೂ ಲಗೇಜಿನ ಲೆಕ್ಕಕ್ಕೇ ಸೇರಿಸುತ್ತದೆ. 2024ರ ಡಿಸೆಂಬರ್ 28ರಿಂದ ಪರಿಹಾರದ ಮಿತಿ 1,519 ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮೊತ್ತ). ಒಂದು ಬ್ಯಾಟರಿ ಕುರ್ಚಿಯ ಬೆಲೆಗೆ ಇದು ಎಲ್ಲಿಯೂ ಸಾಲದು. ಕುರ್ಚಿಯನ್ನು ಒಪ್ಪಿಸುವಾಗ ಅದರ ನಿಜಬೆಲೆಯ ವಿಶೇಷ ಘೋಷಣೆ ಮಾಡಿದರೆ ಈ ಮಿತಿ ಏರುತ್ತದೆ. ಕೌಂಟರಿನಲ್ಲಿ ಕೇಳಿ, ಪಟ್ಟು ಹಿಡಿದು ಕೇಳಿ. ನಮ್ಮ ಕಾಲುಗಳನ್ನು ಸೂಟ್‌ಕೇಸಿನ ಸಮ ಹಿಡಿಯುವ ಈ ನಿಯಮ ಬದಲಾಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ಕುಷನ್. ಅದನ್ನು ಕುರ್ಚಿಯ ಜೊತೆ ಕೆಳಗೆ ಕಳಿಸಬೇಡಿ, ವಿಮಾನದ ಆಸನದ ಮೇಲಿಟ್ಟು ಅವರನ್ನು ಅದರ ಮೇಲೆಯೇ ಕೂರಿಸಿ. ಗಾಳಿ ತುಂಬಿದ ಕುಷನ್ ಆದರೆ ಒಂದು ಎಚ್ಚರಿಕೆ. ಹಾರುವ ವಿಮಾನದ ಒಳಗಿನ ಗಾಳಿಯ ಒತ್ತಡ ಸುಮಾರು 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟಿರುತ್ತದೆ. ಮುಚ್ಚಿದ ಕುಷನ್ನಿನೊಳಗಿನ ಗಾಳಿ ಹಿಗ್ಗಿ ಅದು ಬಿರುಸಾಗುತ್ತದೆ, ಒಂಬತ್ತು ಗಂಟೆ ಹಾಗೆ ಕೂತರೆ ಬೆಡ್‌ಸೋರ್ (ಒತ್ತಡದಿಂದಾಗುವ ಹುಣ್ಣು) ಖಚಿತವೆಂದೇ ತಿಳಿಯಿರಿ. ವಿಮಾನ ಮೇಲೇರಿ ನೆಟ್ಟಗಾದ ಮೇಲೆ ಕುಳಿತಾಗ ಭಾರ ಬೀಳುವ ಮೂಳೆಯ ಕೆಳಗೆ ಕೈ ತೂರಿಸಿ ನೋಡಿ, ಬೇಕಾದಷ್ಟು ಗಾಳಿ ಬಿಡಿ. ಇಳಿಯುವಾಗ ಉಳಿದ ಗಾಳಿ ಕುಗ್ಗಿ ಅವರು ನೇರ ಆಸನದ ಹಲಗೆಗೆ ತಾಗುತ್ತಾರೆ, ಆದ್ದರಿಂದ ಚಿಕ್ಕ ಪಂಪು ಕೈಯಲ್ಲೇ ಇರಲಿ. ನನಗೆ ಇದು ಯಾರೂ ಹೇಳಿರಲಿಲ್ಲ. ಬಾಲಮೂಳೆಯ ಮೇಲೆ ನಾಣ್ಯದಷ್ಟು ಕೆಂಪು ಕಲೆಯೊಂದಿಗೆ ಇಳಿದು, ಎಂಟು ದಿನದ ರಜೆಯಲ್ಲಿ ಆರು ದಿನ ಬೋರಲು ಮಲಗಿದೆ.

ಅರ್ಧ ಗಂಟೆಗೊಮ್ಮೆ ಅವರನ್ನು ಮುಂದಕ್ಕೆ ಬಾಗಿಸಿ ಒಂದೆರಡು ನಿಮಿಷ ಹಿಡಿದಿಡಿ, ನಾಚಿಕೆ ಬೇಡ. ಹಿಂದಿನ ಜೇಬು, ದಪ್ಪ ಹೊಲಿಗೆಯ ಪ್ಯಾಂಟು ಹಾಕಬೇಡಿ. ಅಷ್ಟು ಹೊತ್ತು ಕೂತರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ, ಬಿಗಿ ಕಾಲುಚೀಲದ ಬಗ್ಗೆ ವೈದ್ಯರನ್ನು ಕೇಳಿ. ಆ ಒಂದು ಪ್ರಯಾಣಕ್ಕೆ ಮೂತ್ರನಾಳದಲ್ಲೇ ಉಳಿಯುವ ಕ್ಯಾಥೆಟರ್ ಹಾಕಿಸಬಹುದೇ ಎಂದೂ ಅವರನ್ನೇ ಕೇಳಿ. ವಿಮಾನದ ಶೌಚಾಲಯವನ್ನು ನೆಚ್ಚಿಕೊಳ್ಳುವಂತಿಲ್ಲ.

ಪ್ರಶ್ನೆ: ‘ಗಾಲಿಕುರ್ಚಿಗೆ ಅನುಕೂಲವಿದೆ’ ಎಂದು ಫೋನಿನಲ್ಲಿ ಹೇಳಿದ ಲಾಡ್ಜಿಗೆ ಹೋದರೆ ಬಚ್ಚಲಿನ ಬಾಗಿಲೊಳಗೆ ಕುರ್ಚಿ ಹೋಗಲಿಲ್ಲ. ಇನ್ನು ಯಾರನ್ನು ನಂಬುವುದು?

ಉತ್ತರ: ಟೇಪನ್ನು ನಂಬಿ. ‘ಅನುಕೂಲವಿದೆಯೇ’ ಎಂದು ಕೇಳಿದರೆ ಹೌದು ಎನ್ನುತ್ತಾರೆ, ಒಂದೇ ಮೆಟ್ಟಿಲಿದ್ದರೆ ಅವರ ಕಣ್ಣಿಗೆ ಅದು ಮೆಟ್ಟಿಲೇ ಅಲ್ಲ. ನಾನು ಕೇಳುವುದು ಸೆಂಟಿಮೀಟರಿನಲ್ಲಿ. ಬಚ್ಚಲ ಬಾಗಿಲು ಪೂರ್ತಿ ತೆರೆದಾಗ ಎಷ್ಟು ಅಗಲ? 80 ಇದ್ದರೆ ಆಯಿತು. ಹಾಸಿಗೆಯ ಪಕ್ಕ ಎಷ್ಟು ಜಾಗ? ತಿರುಗಲು 150 ಬೇಕು. ಹಾಸಿಗೆಯ ಎತ್ತರ ನನ್ನ ಕುರ್ಚಿಯ ಆಸನದಷ್ಟೇ ಇದೆಯೇ? ಮಂಚದ ಕೆಳಗೆ 15 ಸೆಂಟಿಮೀಟರ್ ಸಂದು ಇದೆಯೇ? ಮೈಯೆತ್ತುವ ಹಾಯ್ಸ್ಟ್ ಬಳಸುವವರಿಗೆ ಈ ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಅದರ ಕಾಲುಗಳು ಮಂಚದ ಕೆಳಗೆ ತೂರಬೇಕು, ಪೆಟ್ಟಿಗೆಯಂಥ ಮಂಚವಾದರೆ ಅಲ್ಲಿಗೆ ಮುಗಿಯಿತು. ಇಳಿಜಾರು ಹಾಕುತ್ತೇವೆ ಎಂದರೆ ಮೆಟ್ಟಿಲ ಎತ್ತರ ಕೇಳಿ ಹನ್ನೆರಡರಿಂದ ಗುಣಿಸಿ. 30 ಸೆಂಟಿಮೀಟರ್ ಎತ್ತರಕ್ಕೆ 3.6 ಮೀಟರ್ ಉದ್ದದ ಇಳಿಜಾರು ಬೇಕು, ಒಂದು ಹಲಗೆ ಸಾಲದು. ಕೊನೆಗೆ, ಬಚ್ಚಲಿನ ಹೊಸ್ತಿಲು ಕಾಣುವಂತೆ ಇವತ್ತೇ ಒಂದು ಫೋಟೊ ತೆಗೆದು ಮೊಬೈಲಿಗೆ ಕಳಿಸಿ ಎನ್ನುತ್ತೇನೆ. ಕಳಿಸಲು ಬೇಸರಪಡುವವರಲ್ಲಿಗೆ ನಾನು ಹೋಗುವುದಿಲ್ಲ.

ಪ್ರಶ್ನೆ: ಗೆಳೆಯನ ಜೊತೆಗಾರನಾಗಿ ರೈಲಿನಲ್ಲಿ ಹೊರಟಿದ್ದೇನೆ. ಅವನ ಪೆಟ್ಟು ಕತ್ತಿನಲ್ಲಿದೆ. ನಾನು ವೈದ್ಯನಲ್ಲ. ಮುಖ್ಯವಾಗಿ ಯಾವುದಕ್ಕೆ ಹೆದರಬೇಕು?

ಉತ್ತರ: ಒಂದಕ್ಕೆ. ಆಟೋನಾಮಿಕ್ ಡಿಸ್‌ರೆಫ್ಲೆಕ್ಸಿಯಾ. ಬೆನ್ನುಹುರಿಗೆ ಟಿ-6 (ಎದೆಯ ಭಾಗದ ಆರನೇ ಮಟ್ಟ) ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ಬರುವಂಥದ್ದು. ಕೆಳಗಿನ ಮೈಗೆ ಏನೋ ತೊಂದರೆಯಾಗಿದೆ ಎಂಬ ಸುದ್ದಿ ಪೆಟ್ಟಾದ ಜಾಗದಲ್ಲೇ ತಡೆಯುತ್ತದೆ. ಅಲ್ಲಿಂದ ಕೆಳಗಿನ ರಕ್ತನಾಳಗಳು ತಾವಾಗಿ ಬಿಗಿಯುತ್ತವೆ, ರಕ್ತದೊತ್ತಡ ಜಿಗಿಯುತ್ತದೆ, ‘ಸಡಿಲಿಸು’ ಎಂಬ ಮೆದುಳಿನ ಆಜ್ಞೆ ಕೆಳಗಿಳಿಯುವುದಿಲ್ಲ. ಬಿಟ್ಟರೆ ಮೆದುಳಿನಲ್ಲಿ ರಕ್ತಸ್ರಾವವಾಗಬಹುದು.

ನನಗೂ ಒಮ್ಮೆ ರೈಲಿನಲ್ಲೇ ಬಂತು. ಮೊದಲು ತೋಳಿನ ಮೇಲೆ ರೋಮ ನಿಗುರಿತು. ಮೂಗು ಕಟ್ಟಿತು. ಮುಖ ಕೆಂಪಾಗಿ ಹಣೆಯಲ್ಲಿ ಬೆವರೊಡೆಯಿತು, ಆಮೇಲೆ ತಲೆಯ ಹಿಂಬದಿಯಲ್ಲಿ ಒನಕೆ ಕುಟ್ಟಿದಂಥ ನೋವು. ಜೊತೆಗಿದ್ದವರು ಚಳಿಯೆಂದುಕೊಂಡು ಕಂಬಳಿ ಹೊದಿಸಿ ಮಲಗಿಸಲು ಬಂದರು. ಮಲಗಿಸುವುದು ಮಾಡಬಾರದ ಕೆಲಸ, ಒತ್ತಡ ಇನ್ನೂ ಏರುತ್ತದೆ. ‘ನೆಟ್ಟಗೆ ಕೂರಿಸಿ, ಕಾಲು ಕೆಳಗಿಳಿಸಿ, ಬೆಲ್ಟ್ ಬಿಚ್ಚಿ, ಕೊಳವೆ ನೋಡಿ’ ಎಂದೆ. ಮೂತ್ರದ ಕೊಳವೆ ತೊಡೆಯ ಕೆಳಗೆ ಸಿಕ್ಕಿ ಮಡಚಿತ್ತು, ಕಾಲಿನ ಚೀಲ ಎರಡು ಗಂಟೆಯಿಂದ ಖಾಲಿ. ಮಡಿಕೆ ಬಿಡಿಸಿದ್ದೇ ತಡ ಚೀಲ ತುಂಬತೊಡಗಿತು, ಕೆಲವು ನಿಮಿಷಗಳಲ್ಲಿ ನೋವು ಇಳಿಯಿತು.

ಕ್ರಮ ಇಷ್ಟೇ: ಕೂರಿಸು, ಸಡಿಲಿಸು, ಹುಡುಕು. ಮೊದಲು ಮೂತ್ರಕೋಶ, ಆಮೇಲೆ ಕರುಳು, ಆಮೇಲೆ ಚರ್ಮ: ಬೂಟಿನೊಳಗಿನ ಕಲ್ಲು, ಉಗುರುಸುತ್ತು, ಬಟ್ಟೆಯ ಸುಕ್ಕು. ಚಿಕ್ಕ ಬಿಪಿ ಯಂತ್ರವೊಂದನ್ನು ಒಯ್ದು ಐದು ನಿಮಿಷಕ್ಕೊಮ್ಮೆ ನೋಡಿ. ಕಾರಣ ಸಿಗದಿದ್ದರೆ, ಒತ್ತಡ ಇಳಿಯದಿದ್ದರೆ ತಡಮಾಡದೆ ಆಸ್ಪತ್ರೆ. ಅಲ್ಲಿ ಒಂದು ಮಾತು ಹೇಳಲು ಮರೆಯಬೇಡಿ. ಕತ್ತಿನ ಪೆಟ್ಟಿನವರ ಮಾಮೂಲು ಸಿಸ್ಟಾಲಿಕ್ ಒತ್ತಡ (ಬಿಪಿಯ ಮೇಲಿನ ಅಂಕಿ) 90ರಿಂದ 110ರ ಆಸುಪಾಸು. 140 ಎಂದರೆ ‘ಅಷ್ಟೇನಿಲ್ಲ’ ಎಂದು ಕೂರಿಸುವವರಿದ್ದಾರೆ, ಇವನ ಮೈಗೆ ಅದೇ ಅಪಾಯ. ಅವನ ಮಾಮೂಲು ಒತ್ತಡ, ಪೆಟ್ಟಿನ ಮಟ್ಟ, ಔಷಧಿಗಳನ್ನು ಒಂದು ಕಾರ್ಡಿನಲ್ಲಿ ಬರೆಸಿ ನಿಮ್ಮ ಜೇಬಿನಲ್ಲೂ ಒಂದು ಪ್ರತಿ ಇಟ್ಟುಕೊಳ್ಳಿ. ಹೊರಡುವ ಮೊದಲು ಒಮ್ಮೆ ಕೂತು ಅವನಿಂದಲೇ ಇದನ್ನೆಲ್ಲ ಕೇಳಿಸಿಕೊಳ್ಳಿ. ನನ್ನ ಲೇಖನಕ್ಕಿಂತ ಅವನಿಗೆ ಅವನ ಮೈ ಗೊತ್ತು.

ಪ್ರಶ್ನೆ: ಎಂಟು ದಿನಗಳಲ್ಲಿ ಎಷ್ಟು ಊರು ನೋಡಬಹುದು?

ಉತ್ತರ: ಒಂದು. ಹೆಚ್ಚೆಂದರೆ ಎರಡು. ಮೊದಲ ದಿನ ಏನನ್ನೂ ಇಟ್ಟುಕೊಳ್ಳಬೇಡಿ, ಮೈಗೆ ಹೊಸ ಹಾಸಿಗೆಯ ಪರಿಚಯವಾಗಲಿ. ಪ್ರತಿ ರಾತ್ರಿ ಬೆನ್ನು, ಕುಂಡೆ, ಹಿಮ್ಮಡಿ ನೋಡಿಸಿಕೊಳ್ಳಿ. ಒತ್ತಿದರೆ ಬೆಳ್ಳಗಾಗದ ಕೆಂಪು ಕಂಡರೆ ಮಾರನೆಯ ದಿನದ ಕಾರ್ಯಕ್ರಮ ರದ್ದು.

ಪ್ರಶ್ನೆ: ನನ್ನ ಮಗಳಿಗೆ 19. ಆರು ವರ್ಷದಿಂದ ಗಾಲಿಕುರ್ಚಿಯಲ್ಲಿದ್ದಾಳೆ, ಕೈಯೂ ಆಡುವುದಿಲ್ಲ. ಈಗ ಇಬ್ಬರು ಗೆಳತಿಯರ ಜೊತೆ ಎರಡು ರಾತ್ರಿ ಹೋಗಿ ಬರುತ್ತೇನೆ, ಅಮ್ಮ ಜೊತೆಗೆ ಬರುವುದು ಬೇಡ ಎನ್ನುತ್ತಿದ್ದಾಳೆ. ಆರು ವರ್ಷದಲ್ಲಿ ಒಂದು ರಾತ್ರಿಯೂ ನಾನು ಅವಳನ್ನು ಬಿಟ್ಟಿಲ್ಲ. ಕಳಿಸಲೇ?

ಉತ್ತರ: ತಾಯಿ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಕಳಿಸಿ ಎನ್ನುವುದೇ ನನ್ನ ಉತ್ತರ. ನಾಳೆಯೇ ಅಲ್ಲ, ತಯಾರಿಯ ಮೇಲೆ. ಆ ತಯಾರಿ ಗೆಳತಿಯರಿಗೆ ನೀವು ಪಾಠ ಹೇಳುವುದಲ್ಲ. ಹೇಳಬೇಕಾದವಳು ಅವಳು. ಇಷ್ಟು ವರ್ಷ ಅವಳು ಬಾಯಿ ಬಿಡುವ ಮೊದಲೇ ನಿಮ್ಮ ಕೈ ಕೆಲಸ ಮುಗಿಸಿದೆ. ದಿಂಬು ಎಲ್ಲಿ ಇಡಬೇಕು, ಮೊಣಕಾಲು ಎಷ್ಟು ಮಡಚಬೇಕು ಎಂದು ಮಾತಿನಲ್ಲಿ ಹೇಳುವ ಅಭ್ಯಾಸ ಅವಳಿಗೆ ಇನ್ನೂ ಆಗಿಲ್ಲದಿರಬಹುದು. ನನಗೂ ಆಗಿರಲಿಲ್ಲ. ‘ನೀನು ಹೇಳದೆ ನಾನು ಏನನ್ನೂ ಮುಟ್ಟುವುದಿಲ್ಲ’ ಎಂದು ತಂಗಿ ಒಂದು ವಾರ ಹಠ ಹಿಡಿದಾಗ ಅಳು ಬಂದಿತ್ತು. ವಾರದ ಕೊನೆಗೆ, ಗುರುತೇ ಇಲ್ಲದವರಿಗೆ ಕೂಡ ನನ್ನನ್ನು ಹೇಗೆ ಎತ್ತಬೇಕೆಂದು ನಾಲ್ಕು ವಾಕ್ಯದಲ್ಲಿ ಹೇಳಬಲ್ಲವಳಾಗಿದ್ದೆ.

ಅವಳು ಹೇಳಬೇಕಾದದ್ದು ಇಷ್ಟು: ಹಾಸಿಗೆಯಿಂದ ಕುರ್ಚಿಗೆ ಹೇಗೆ, ರಾತ್ರಿ ಮಗ್ಗುಲು ಯಾವ ಹೊತ್ತಿಗೆ ಬದಲಿಸಬೇಕು, ಮೂತ್ರದ ಚೀಲ ಹೇಗೆ ಖಾಲಿ ಮಾಡಬೇಕು, ಮೇಲೆ ಹೇಳಿದ ತಲೆನೋವು ಬಂದರೆ ಏನು ಮಾಡಬೇಕು. ಶೌಚದ ಕ್ರಮ ಹೊರಡುವ ಬೆಳಿಗ್ಗೆ ಮನೆಯಲ್ಲೇ ಮುಗಿಯಲಿ. ದಿನ ಬಿಟ್ಟು ದಿನದ ಅಭ್ಯಾಸವಾದರೆ ಮತ್ತೆ ಬೇಕಾಗುವುದು ಮರಳುವ ದಿನ.

ಮೊದಲು ಒಂದು ಶನಿವಾರ ಆ ಇಬ್ಬರನ್ನೂ ರಾತ್ರಿ ಉಳಿಯಲು ಮನೆಗೆ ಕರೆಯಿರಿ. ಸಂಜೆಯಿಂದ ಬೆಳಗಿನವರೆಗೆ ಎಲ್ಲವನ್ನೂ ಅವರು ಮೂವರೇ ಮಾಡಿಕೊಳ್ಳಲಿ. ನೀವು ಪಕ್ಕದ ಕೋಣೆಯಲ್ಲಿರಿ, ಬಾಗಿಲು ಮುಚ್ಚಿರಲಿ. ರಾತ್ರಿ ಎರಡು ಗಂಟೆಗೆ ಮಗ್ಗುಲು ಬದಲಿಸುವ ಹೊತ್ತಿಗೆ ನಿಮಗೆ ತಾನಾಗಿ ಎಚ್ಚರವಾಗುತ್ತದೆ. ಎದ್ದು ಹೋಗಬೇಡಿ. ಗೆಳತಿಯನ್ನು ಎಬ್ಬಿಸುವ ಅವಳ ದನಿ ಕೇಳಿಸುತ್ತದೆ.